ಹಣ್ಣೆಲೆಯ ಬಣ್ಣ

ನಮ್ಮ ಮಕ್ಕಳ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಋತುಗಳನ್ನು ಕುರಿತ ಪಾಠವೊಂದು ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ‘ಆಟಮ್’ ಎಂಬ ಋತುವಿನ ಚಿತ್ರವನ್ನು ನೋಡಿದರೆ ಮರಗಳೆಲ್ಲ ಕೆಂಪು, ಕಿತ್ತಳೆ, ಹಳದಿ ಬಣ್ಣಗಳನ್ನು ತಳೆದು ಉರಿಯುತ್ತಿರುವಂತೆ ಕಾಣುತ್ತವೆ. ನೆಲದ ಮೇಲೆ ಬಣ್ಣ ಮಾಸಿದ ಎಲೆಗಳು ಹಾಸಿಕೊಂಡಿರುತ್ತವೆ. ಕೆಳಗೆ ಅಕ್ಟೋಬರ್, ನವೆಂಬರ್ ಎಂದು ಬರೆದಿರುತ್ತದೆ. ನಿಘಂಟು ಹಿಡಿದು ಕನ್ನಡಿಸುವವರು ಅದನ್ನು ಶರದೃತುವೆಂದು ಹೇಳಿಕೊಡುತ್ತಾರೆ. ಮಗು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತದೆ. ಆದರೆ ಅದೇ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಶಿವಮೊಗ್ಗೆಯ ಸುತ್ತಮುತ್ತ ಯಾವ ಕಾಡು ಎಲೆಯುದುರಿಸಿ ಬೋಳಾಗಿ ನಿಂತಿರುತ್ತದೆ? ಮಳೆಗಾಲ ಆಗಷ್ಟೇ ಹಿಂದೆ ಸರಿದಿರುತ್ತದೆ. ಗದ್ದೆಯಲ್ಲಿ ಭತ್ತ ಹೊಡೆಯೊಡೆದಿರುತ್ತದೆ. ಮಲೆನಾಡಿನ ಒಕ್ಕಲು ಮಕ್ಕಳು ಹುಣ್ಣಿಮೆಯಂದು ಹೊಲಗದ್ದೆಗೆ ಹೋಗಿ, ತುಂಬು ಗರ್ಭಿಣಿಯಾದ ಭೂತಾಯಿಗೆ ಬಯಕೆಯ ಅಡಿಗೆಯನ್ನು ಬಡಿಸಿ ಭೂಮಿ ಹುಣ್ಣಿಮೆಯನ್ನು ಆಚರಿಸುವ ಕಾಲವದು. ಬಸುರಿಗೆ ಉಡಿ ತುಂಬುವ ಹೊತ್ತಿನಲ್ಲಿ ಎಲೆಯುದುರುವ ಮಾತೆಲ್ಲಿಯದು!

ನಮ್ಮಲ್ಲಿ ಎಲೆಯುದುರುವ ಋತು ಶಿಶಿರ. ಮಾಘ, ಫಾಲ್ಗುಣ ಅದರ ಮಾಸಗಳು. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವುದರೊಳಗೆ ನಮ್ಮ ಗೋಪಾಳದ ಬೀದಿಗಳಲ್ಲಿ ನಡೆದರೆ ಕಾಲಡಿಯಲ್ಲಿ ಸರಸರ ಸದ್ದಾಗುತ್ತದೆ. ಮನೆಗಳ ಆವರಣದಲ್ಲಿರುವ ತೇಗದ ಅಗಲವಾದ ಎಲೆ ಹಪ್ಪಳದಂತೆ ಮುದುರಿ ಬೀಳುತ್ತದೆ. ಹೊಂಗೆ ಹಳದಿಯಾಗುತ್ತದೆ. ಅರಳಿ ತನ್ನ ಬಾಲವುಳ್ಳ ಎಲೆಗಳನ್ನು ಒಂದೊಂದಾಗಿ ಕಳಚುತ್ತದೆ. ನೆರಳಿಗೆಂದು ರಸ್ತೆಯ ಬದಿಯಲ್ಲಿ ನೆಟ್ಟ ಕಾಡುಬಾದಾಮಿಯೊಂದೇ ವಿದೇಶದ ಆ ಚಿತ್ರಕ್ಕೆ ಸಮನಾಗಿ ನಿಲ್ಲಬಲ್ಲದು. ಅದರ ಎಲೆ ಮೊದಲು ಹಳದಿ, ಬಳಿಕ ತಾಮ್ರ, ಕೊನೆಗೆ ಗಾಢವಾದ ಕೆಂಪು. ವರ್ಷಕ್ಕೆ ಎರಡು ಸಲ ಎಲೆ ಕಳಚುವುದೂ ಆ ಮರಕ್ಕೆ ಉಂಟು. ಇನ್ನು ಊರು ದಾಟಿ ಸಕ್ಕರೆಬೈಲಿನ ಕಡೆಗೋ ಶೆಟ್ಟಿಹಳ್ಳಿಯ ಅಭಯಾರಣ್ಯದ ಅಂಚಿಗೋ ಹೋದರೆ ತೇಗ, ಮತ್ತಿ, ಹೊನ್ನೆ, ನಂದಿ ಇವೆಲ್ಲ ಬರಿಯ ಕೊಂಬೆಗಳಾಗಿ ನಿಂತಿರುವುದನ್ನು ಕಾಣಬಹುದು. ಪಶ್ಚಿಮಕ್ಕೆ ತೀರ್ಥಹಳ್ಳಿ, ಆಗುಂಬೆಗಳ ಕಡೆ ಸರಿದಂತೆ ಕಾಡು ಪುನಃ ಹಸಿರಾಗುತ್ತದೆ. ಅಲ್ಲಿ ಎಲೆ ಉದುರುವುದಿಲ್ಲವೆಂದಲ್ಲ, ವರ್ಷವೆಲ್ಲ ಉದುರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡು ನಾಡುಗಳ ಕಾಲ ಹೀಗೆ ಬೇರೆಯಾಗಲು ಕಾರಣವುಂಟು. ಶೀತದೇಶದ ಮರ ಎಲೆ ಬಿಡುವುದು ಚಳಿಗೆ ಅಂಜಿ. ಹಗಲು ಕುಗ್ಗುತ್ತದೆ, ಬಿಸಿಲು ಸಾಲದು, ನೆಲದ ನೀರು ಹೆಪ್ಪುಗಟ್ಟುತ್ತದೆ. ನಮ್ಮ ಮರ ಎಲೆ ಬಿಡುವುದು ಬಾಯಾರಿಕೆಗೆ ಅಂಜಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದ ಮುಂಗಾರು, ಅಕ್ಟೋಬರಿನಲ್ಲಿ ಬಂದ ಅಲ್ಪಸ್ವಲ್ಪ ಹಿಂಗಾರು, ಇಷ್ಟನ್ನೇ ನೆಲದಲ್ಲಿ ಕೂಡಿಟ್ಟುಕೊಂಡು ಮರ ಮುಂದಿನ ಮಳೆಯವರೆಗೆ ಬಾಳಬೇಕು. ಎಲೆಯೆಂಬುದು ಸಹಸ್ರಾರು ಸೂಕ್ಷ್ಮರಂಧ್ರಗಳಿಂದ ನೀರನ್ನು ಆವಿಯಾಗಿ ಹೊರಬಿಡುವ ಅಂಗ. ಬೇಸಿಗೆಯಲ್ಲಿ ಅಷ್ಟೊಂದು ಬಾಗಿಲುಗಳನ್ನು ತೆರೆದಿಟ್ಟುಕೊಂಡರೆ ಮನೆ ಉಳಿಯುವುದಿಲ್ಲ. ಆದ್ದರಿಂದಲೇ ತೇಗದಂತಹ ಅಗಲ ಎಲೆಯ ಮರ ಮೊದಲೇ ಬಾಗಿಲು ಹಾಕುತ್ತದೆ. ಸಂಸ್ಕೃತದಲ್ಲಿ ಶಿಶಿರವೆಂದರೆ ತಂಪು ಎಂದೇ ಅರ್ಥ. ಆದರೆ ನಮ್ಮ ಮರಗಳ ಮಟ್ಟಿಗೆ ಆ ಋತುವಿನ ಚಳಿಗಿಂತ ಒಣಹವೆಯೇ ಮುಖ್ಯ.

ಇಲ್ಲಿ ಕನ್ನಡದ ಒಂದು ಪದದ ಕಡೆಗೆ ಓದುಗರ ಗಮನವನ್ನು ಸೆಳೆಯಬೇಕು. ಎಲೆಯ ಬಾಳಿಗೆ ನಮ್ಮವರು ಕೊಟ್ಟ ಹೆಸರುಗಳನ್ನು ಅನುಕ್ರಮವಾಗಿ ನೋಡಿ. ಮೊದಲು ಚಿಗುರು, ಆಮೇಲೆ ತಳಿರು, ಬಳಿಕ ಬಲಿತ ಎಲೆ, ಅದಾದ ಮೇಲೆ ಹಣ್ಣೆಲೆ, ಕಟ್ಟಕಡೆಗೆ ತರಗೆಲೆ. ಹಳದಿಯಾದ ಎಲೆಯನ್ನು ಸಾಯುತ್ತಿರುವ ಎಲೆಯೆಂದಾಗಲಿ ಕೆಟ್ಟ ಎಲೆಯೆಂದಾಗಲಿ ಕನ್ನಡಿಗನು ಕರೆಯಲಿಲ್ಲ, ಹಣ್ಣು ಎಂದನು. ಮಾವು ಮಾಗುವುದಕ್ಕೂ ಎಲೆ ಹಳದಿಯಾಗುವುದಕ್ಕೂ ಒಂದೇ ಪದ. ಮುಪ್ಪಾದ ಹಿರಿಯರನ್ನು ಹಣ್ಣಾದ ಜೀವವೆನ್ನುವುದೂ ಇದೇ ಪದದಿಂದ. ಮಾಗುವುದು ಒಂದು ಕೆಲಸ, ಕೆಡುವುದು ಇನ್ನೊಂದು. ಸಸ್ಯಶಾಸ್ತ್ರಜ್ಞರು ಸೂಕ್ಷ್ಮದರ್ಶಕ ಹಿಡಿದು ಕಂಡುಕೊಂಡದ್ದು ಈ ಪದಕ್ಕೆ ಎಷ್ಟು ಹತ್ತಿರವಿದೆಯೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಎಲೆಯ ಹಸಿರಿಗೆ ಕಾರಣವಾದ ವಸ್ತುವನ್ನು ನಮ್ಮ ಶಾಲಾಪುಸ್ತಕಗಳು ಪತ್ರಹರಿತ್ತು ಎನ್ನುತ್ತವೆ. ಬಿಸಿಲನ್ನು ಹಿಡಿದು ಆಹಾರ ತಯಾರಿಸುವ ಕಾರ್ಯ ಅದರದು. ಅದು ದಿನವೂ ಸವೆಯುತ್ತದೆ, ದಿನವೂ ಹೊಸದಾಗಿ ಹುಟ್ಟುತ್ತದೆ. ಎಲೆಯನ್ನು ಬಿಡಬೇಕೆಂದು ಮರ ನಿಶ್ಚಯಿಸಿದಾಗ ಈ ಹೊಸ ಹುಟ್ಟು ನಿಲ್ಲುತ್ತದೆ. ಹಸಿರು ಒಡೆಯುತ್ತದೆ. ಅದರೊಡನೆ ಆಹಾರ ತಯಾರಿಸುತ್ತಿದ್ದ ಪ್ರೋಟೀನುಗಳೂ ಒಡೆಯುತ್ತವೆ. ಅವುಗಳಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಶಿಯಂ ಮೊದಲಾದವು ಕರಗಿ, ಎಲೆಯ ನರಗಳ ಮೂಲಕ ತೊಟ್ಟನ್ನು ದಾಟಿ, ಕೊಂಬೆಗೂ ಕಾಂಡಕ್ಕೂ ಹಿಂದಿರುಗುತ್ತವೆ. ಮರದಿಂದ ಮರಕ್ಕೆ ವ್ಯತ್ಯಾಸವಿದ್ದರೂ ಸರಾಸರಿಯಾಗಿ ಹೇಳುವುದಾದರೆ ಎಲೆಯಲ್ಲಿದ್ದ ಸಾರಜನಕ, ರಂಜಕಗಳ ಸುಮಾರು ಅರ್ಧಭಾಗ ಹೀಗೆ ಮರಳಿ ಮರದ ಭಂಡಾರವನ್ನು ಸೇರುತ್ತದೆ. ಹಸಿರು ಹೋದ ಮೇಲೆ ಹಳದಿ ಕಾಣುತ್ತದೆಯಲ್ಲ, ಅದು ಹೊಸದಾಗಿ ಬಂದುದಲ್ಲ. ಕೆರೋಟಿನಾಯ್ಡ್ ಎಂಬ ಆ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇತ್ತು; ಹಸಿರಿನ ಹೊದಿಕೆ ಜಾರಿದ ಮೇಲೆ ಹೊರಗೆ ತೋರಿತು. ಕಾಡುಬಾದಾಮಿಯ ಕೆಂಪು ಮಾತ್ರ ಹೊಸದು. ಆಂಥೋಸಯನಿನ್ ಎಂಬ ಅದನ್ನು ಎಲೆ ತನ್ನ ಕಡೆಗಾಲದಲ್ಲಿ ತಯಾರಿಸುತ್ತದೆ. ಸಾರವೆಲ್ಲ ಹಿಂದಿರುಗುವವರೆಗೆ ಬಿಸಿಲಿನ ಹೊಡೆತದಿಂದ ಎಲೆಯನ್ನು ಕಾಯುವ ಕೊಡೆಯದು ಎಂದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಕೊಡುವುದೆಲ್ಲ ಮುಗಿದ ಮೇಲೆ ತೊಟ್ಟಿನ ಬುಡದಲ್ಲಿ ಸಡಿಲವಾದ ಜೀವಕೋಶಗಳ ಒಂದು ತೆಳುವಾದ ಪದರ ಏರ್ಪಡುತ್ತದೆ. ಅದರ ಒಳಗಡೆ ಮರ ಬಿರಟೆಯಂತಹ ಇನ್ನೊಂದು ಪದರವನ್ನು ಕಟ್ಟಿ ಗಾಯವನ್ನು ಮೊದಲೇ ಮುಚ್ಚಿಕೊಂಡಿರುತ್ತದೆ. ಬಳಿಕ ಗಾಳಿ ಬೇಡ, ಹಕ್ಕಿಯ ಕಾಲು ತಗುಲಿದರೂ ಸಾಕು, ಎಲೆ ಕಳಚುತ್ತದೆ. ಹಸಿರೆಲೆಯನ್ನು ಕಿತ್ತರೆ ರಸ ಒಸರುತ್ತದೆ. ಹಣ್ಣೆಲೆ ಬಿದ್ದ ಜಾಗದಲ್ಲಿ ಒಂದು ಹನಿಯೂ ಇಲ್ಲ. ಬೇಕಾದವರು ಮನೆಯ ಮುಂದಿನ ಮರದಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು.

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆ ನಮ್ಮ ಎಲ್ಲ ಮನೆಗಳಲ್ಲೂ ಇದೆ. ವೃದ್ಧರನ್ನು ಹಗುರವಾಗಿ ಕಂಡ ಕಿರಿಯರಿಗೆ, ನಿನಗೂ ಒಂದು ದಿನ ಈ ಗತಿ ಉಂಟೆಂದು ಎಚ್ಚರಿಸಲು ಅದನ್ನು ಬಳಸುತ್ತಾರೆ. ಗಾದೆ ತಪ್ಪಲ್ಲ; ಆದರೆ ಅರ್ಧಕ್ಕೇ ನಿಂತಿದೆಯೆಂದು ನಮ್ಮ ಅನಿಸಿಕೆ. ಚಿಗುರಿಗೆ ಮುಂದೊಂದು ದಿನ ಬರುವ ಗತಿಯನ್ನು ಅದು ಹೇಳಿತೇ ಹೊರತು, ಚಿಗುರು ಎಲ್ಲಿಂದ ಬಂತೆಂಬುದನ್ನು ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ನೆಲ ಒಣಗಿ ಬಿರಿದಿರುವಾಗ, ಮಳೆ ಇನ್ನೂ ಎರಡು ತಿಂಗಳು ದೂರವಿರುವಾಗ ಹೊಂಗೆಯೂ ಅರಳಿಯೂ ಚಿಗುರುವುದು ಯಾವ ಬಂಡವಾಳದಿಂದ? ಬೇರು ಆಳದಿಂದ ಎಳೆದ ನೀರು ಒಂದು ಪಾಲು. ಹಣ್ಣೆಲೆ ಹೋಗುವ ಮುನ್ನ ಮರದ ಕೈಗೆ ಒಪ್ಪಿಸಿ ಹೋದ ಸಾರ ಇನ್ನೊಂದು ಪಾಲು. ನಗುವ ಚಿಗುರಿನ ಮೈಯಲ್ಲಿಯೇ ಹಣ್ಣೆಲೆಯ ಪಾಲಿದೆ. ಕಣ್ಣು ಮುಚ್ಚುವ ಮುನ್ನವೇ ಜಮೀನಿನ ಪತ್ರಗಳನ್ನು ಮಕ್ಕಳ ಹೆಸರಿಗೆ ಮಾಡಿಕೊಟ್ಟು, ಬೀಗದ ಕೈಯನ್ನು ಸೊಸೆಗೆ ಒಪ್ಪಿಸಿ, ಜಗುಲಿಯಲ್ಲಿ ಪೂಜೆಗೆ ಕುಳಿತ ಹಿರಿಯರನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಅವರ ಮುಖದ ಕಳೆ ಮಾಸಿದ್ದನ್ನು ಕಂಡವರು, ಆ ಕಳೆ ಎಲ್ಲಿಗೆ ಹೋಯಿತೆಂದು ಮನೆಯೊಳಗೆ ಇಣುಕಿ ನೋಡುವುದಿಲ್ಲ.

ಚಿಗುರಿನ ಮಾತು ಬಂದುದರಿಂದ ಇನ್ನೊಂದು ಸೊಗಸನ್ನೂ ಹೇಳಿಬಿಡುವೆ. ಶೀತದೇಶಗಳಲ್ಲಿ ಮರ ಕೆಂಪಾಗುವುದು ಎಲೆ ಹೋಗುವಾಗ. ನಮ್ಮಲ್ಲಿ ಬಹುಪಾಲು ಎಲೆ ಬರುವಾಗ. ಮಾವಿನ ತಳಿರು ತಾಮ್ರ, ಅರಳಿಯ ಚಿಗುರು ನಸುಗೆಂಪು, ಕಾಡಿನ ಸಾಗಡೆಯ ಮರವಂತೂ ಫಾಲ್ಗುಣದಲ್ಲಿ ರಕ್ತವರ್ಣ. ತೇಗದ ಎಳೆಯ ಕುಡಿಯನ್ನು ಅಂಗೈಯಲ್ಲಿ ಉಜ್ಜಿದರೆ ಮದರಂಗಿ ಹಚ್ಚಿದಂತೆ ಕೆಂಪಾಗುವುದನ್ನು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಎಳೆಯ ಎಲೆಗೆ ಹಸಿರು ತುಂಬುವುದಕ್ಕೆ ಮೊದಲು ಬಿಸಿಲು, ಹುಳುಗಳಿಂದ ರಕ್ಷಣೆ ಬೇಕು. ಅದಕ್ಕೆ ಈ ಕೆಂಪು. ತೊಟ್ಟಿಲಿಗೂ ಕಡೆಗಾಲಕ್ಕೂ ಒಂದೇ ವಸ್ತ್ರ.

ಇನ್ನು ನೆಲಕ್ಕೆ ಬಿದ್ದ ಎಲೆಯ ವಿಚಾರ. ಕಾಡುಬಾದಾಮಿಯ ಕೆಂಪೆಲೆಯನ್ನು ಮಕ್ಕಳು ಆಸೆಯಿಂದ ಆಯ್ದು ಮನೆಗೆ ತರುತ್ತಾರೆ. ನಾಲ್ಕು ದಿನಕ್ಕೆ ಅದು ಕಂದುಬಣ್ಣಕ್ಕೆ ತಿರುಗಿದುದನ್ನು ಕಂಡು ನಿರಾಶರಾಗುತ್ತಾರೆ. ಕೆಂಪು ನೀರಿನಲ್ಲಿ ಕರಗುವ ಬಣ್ಣ, ಇಬ್ಬನಿಗೂ ತೊಳೆದುಹೋಗುತ್ತದೆ. ಹಳದಿಯನ್ನು ಬಿಸಿಲು ಸುಡುತ್ತದೆ. ಉಳಿಯುವುದು ಅಡಿಕೆಯ ಚೊಗರಿನಲ್ಲಿರುವಂತಹ ಒಗರು; ಗಾಳಿ ತಾಕಿದಾಗ ಅದು ಕಂದಾಗುತ್ತದೆ. ಮೊದಲ ಮಳೆ ಬಿದ್ದ ಮೇಲೆ ಬೂಷ್ಟು, ಗೆದ್ದಲು, ಎರೆಹುಳು ಇವು ತಮ್ಮ ಪಾಲಿಗೆ ಬರುತ್ತವೆ. ಮೆತ್ತಗಿನ ಭಾಗವನ್ನು ತಿಂದು ಮುಗಿಸಿದಾಗ ಅರಳಿಯ ಎಲೆ ಬರಿಯ ನರಗಳ ಬಲೆಯಾಗಿ, ನೇಯ್ದ ಮಲ್ಲಿನಂತೆ ಸಿಗುತ್ತದೆ. ಅದರ ಮೇಲೆ ಚಿತ್ರ ಬರೆಯುವ ಕಲಾವಿದರೂ ಇದ್ದಾರೆ. ಕಟ್ಟಕಡೆಗೆ ಅದೂ ಮಣ್ಣು. ಗಮನಿಸಬೇಕಾದ ಸಂಗತಿಯೆಂದರೆ, ಎಲೆಯಲ್ಲಿದ್ದ ಸುಣ್ಣದ ಅಂಶ ಮರಕ್ಕೆ ಹಿಂದಿರುಗುವುದಿಲ್ಲ, ಎಲೆಯಲ್ಲಿಯೇ ಉಳಿಯುತ್ತದೆ. ಹಿಂದಿರುಗದೆ ಉಳಿದ ಸಾರಜನಕವೂ ಅದರಲ್ಲಿರುತ್ತದೆ. ಅಂದರೆ ಹಣ್ಣೆಲೆ ಎರಡು ಸಲ ಕೊಡುತ್ತದೆ. ಮೊದಲನೆಯದನ್ನು ಮರಕ್ಕೆ, ಎರಡನೆಯದನ್ನು ಮರದ ಬುಡದ ಮಣ್ಣಿಗೆ. ಮೊದಲನೆಯದನ್ನು ತಡೆಯಲು ಯಾರಿಂದಲೂ ಆಗದು. ಎರಡನೆಯದನ್ನು ಮಾತ್ರ ನಾವು ಬೆಂಕಿಕಡ್ಡಿ ಗೀರಿ ತಡೆಯುತ್ತಿದ್ದೇವೆ.

ಬಿದ್ದ ಎಲೆಗೆ ಬೆಲೆಯಿಲ್ಲವೆಂಬ ಭಾವನೆ ನಮ್ಮ ಪರಂಪರೆಯದಲ್ಲ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಪಾರ್ವತಿಯ ತಪಸ್ಸಿನ ವರ್ಣನೆ ಬರುತ್ತದೆ. ತಾನಾಗಿ ಉದುರಿದ ಎಲೆಯನ್ನು ತಿಂದು ಬಾಳುವುದು ತಪಸ್ಸಿನ ಪರಮಾವಧಿಯಂತೆ. ಆಕೆ ಅದನ್ನೂ ಬಿಟ್ಟದ್ದರಿಂದ ಅಪರ್ಣೆ ಎನ್ನಿಸಿಕೊಂಡಳು. ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯೂ ತರಗೆಲೆಯನ್ನು ಮೆಲ್ಲುತ್ತ ಇರುವ ಮಾತನ್ನು ತನ್ನ ವಚನದಲ್ಲಿ ಆಡಿದ್ದಾಳೆ. ಮರಕ್ಕೆ ನೋವಾಗದಂತೆ ದೊರೆಯುವ ಆಹಾರ ಅದೊಂದೇ ಎಂಬ ಸೂಕ್ಷ್ಮ ಇಲ್ಲಿ ಅಡಗಿರಬಹುದೇ ಎಂದು ನಮಗೆ ಆಗಾಗ ತೋರುತ್ತದೆ.

ಮಠದಲ್ಲಿ ನಾವು ಓದುತ್ತಿದ್ದಾಗ ಎಲೆಯ ಕೆಲಸ ಪಾಠದಷ್ಟೇ ನಿಯತವಾಗಿತ್ತು. ದಾಸೋಹಕ್ಕೆ ಮುತ್ತುಗದ ಎಲೆಗಳನ್ನು ಬಿದಿರಿನ ಕಡ್ಡಿಯಿಂದ ಹಚ್ಚಿ, ಒಂದರ ಮೇಲೊಂದು ಪೇರಿಸಿ, ಮೇಲೆ ಕಲ್ಲು ಹೇರಿ ಇಡಬೇಕು. ಹಚ್ಚುವಾಗ ಹಸಿರಾಗಿದ್ದ ಎಲೆ ಉಣ್ಣುವ ದಿನಕ್ಕೆ ಹುಲ್ಲಿನ ಬಣ್ಣಕ್ಕೆ ಬಂದಿರುತ್ತಿತ್ತು. ನೀರು ಚಿಮುಕಿಸಿದರೆ ಪುನಃ ಮೆತ್ತಗಾಗುತ್ತಿತ್ತು. ಉಂಡ ಎಲೆಗಳೂ ಅಂಗಳ ಗುಡಿಸಿದ ತರಗೂ ಹಿಂದಿನ ಗುಂಡಿಗೆ. ಅದರ ಮೇಲೆ ಸೆಗಣಿಯ ನೀರು. ಗುಂಡಿಯ ಉಸ್ತುವಾರಿ ನೋಡುತ್ತಿದ್ದ ಮುದುಕರೊಬ್ಬರು ನಮ್ಮಲ್ಲಿ ಯಾರಾದರೂ ತರಗನ್ನು ಬೇಲಿಯಾಚೆ ಚೆಲ್ಲಿದರೆ, “ಏನಪ್ಪಾ, ಭಂಡಾರದ ಜೋಳವನ್ನೂ ಹೀಗೇ ಚೆಲ್ಲುತ್ತೀಯೇನು?” ಎಂದು ಕೇಳುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಮಠದ ತೆಂಗಿನ ತೋಟ ಮಾತ್ರ ಅವರ ಲೆಕ್ಕಾಚಾರದ ಮೇಲೆ ನಿಂತಿತ್ತು.

ಅಡಿಕೆ ಬೆಳೆಗಾರರಿಗಂತೂ ಈ ಮಾತನ್ನು ಹೇಳಿಕೊಡಬೇಕಾಗಿಲ್ಲ. ಮಲೆನಾಡಿನಲ್ಲಿ ತೋಟಕ್ಕೆ ಹೊಂದಿಕೊಂಡಂತೆ ಸೊಪ್ಪಿನ ಬೆಟ್ಟವನ್ನು ಇಟ್ಟುಕೊಂಡುದೇ ಹಸಿರು ಸೊಪ್ಪು, ಒಣ ದರಗು ಎರಡಕ್ಕಾಗಿ. ದರಗು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಸೆಗಣಿ ಗಂಜಳ ಹೀರಿ, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಅಡಿಕೆ ಮರವೂ ತನ್ನ ಪಾಲಿಗೆ ವರ್ಷಕ್ಕೆ ಐದಾರು ಸೋಗೆಗಳನ್ನು ತಾನಾಗಿ ಉದುರಿಸುತ್ತದೆ. ಸೋಗೆಯ ಬುಡದ ಹಾಳೆಯಿಂದ ಹಿಂದೆ ಟೊಪ್ಪಿ ಮಾಡುತ್ತಿದ್ದರು. ಇಂದು ಅದನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಾರೆ. ನಮ್ಮ ಮದುವೆಗಳಲ್ಲಿ ಪ್ಲಾಸ್ಟಿಕ್ ತಟ್ಟೆಯ ಬದಲು ಈ ಹಾಳೆತಟ್ಟೆಯನ್ನು ಕಂಡಾಗಲೆಲ್ಲ ನಮಗೆ ಸಂತೋಷವಾಗುತ್ತದೆ. ಉದುರಿದ ಎಲೆಯ ಮೇಲೆಯೇ ಉಂಡೆವಲ್ಲ!

ಬಡಾವಣೆಗಳ ಸ್ಥಿತಿ ಬೇರೆ. ಮಾಘದ ಬೆಳಿಗ್ಗೆ ಗೋಪಾಳದಲ್ಲಿ ವಾಯುಸಂಚಾರಕ್ಕೆ ಹೊರಟರೆ ಪ್ರತಿಯೊಂದು ತಿರುವಿನಲ್ಲಿಯೂ ಒಂದು ಹೊಗೆಯ ರಾಶಿ. ಇಬ್ಬನಿಯಿಂದ ನೆಂದ ಎಲೆ ಭಗ್ಗನೆ ಉರಿಯುವುದಿಲ್ಲ, ಗಂಟೆಗಟ್ಟಲೆ ಕಮರುತ್ತದೆ. ಅದರ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡೂ ಬೆಳಗಿನ ತಣ್ಣನೆಯ ಗಾಳಿಯಲ್ಲಿ ಮೇಲೇರದೆ ಮನೆಗಳ ಕಿಟಕಿಯ ಎತ್ತರದಲ್ಲಿಯೇ ಸುಳಿಯುತ್ತವೆ. ಉಬ್ಬಸವುಳ್ಳ ಹಿರಿಯರು, ಹಸುಗೂಸುಗಳು ಇರುವ ಮನೆಯವರಿಗೆ ಅದರ ಕಷ್ಟ ಗೊತ್ತು. ಮನೆಯ ಅಂಗಳವನ್ನು ಚೊಕ್ಕಟವಾಗಿಡುವ ಉತ್ಸಾಹದಲ್ಲಿ ನೆರೆಮನೆಯ ಅಜ್ಜನ ಉಸಿರನ್ನು ಮರೆಯುವುದು ಯಾವ ಶುಚಿತ್ವ? ಬೂದಿ ಗೊಬ್ಬರವಾಗುತ್ತದೆಯಲ್ಲವೇ ಎಂದು ಕೆಲವರು ಸಮಾಧಾನ ಹೇಳುವುದುಂಟು. ಬೂದಿಯಲ್ಲಿ ಪೊಟ್ಯಾಶ್, ಸುಣ್ಣ ಉಳಿಯುವುದು ನಿಜ. ಆದರೆ ಸಾರಜನಕದ ಬಹುಭಾಗ ಹೊಗೆಯೊಡನೆ ಹೋಯಿತು, ಮಣ್ಣನ್ನು ಮೆತ್ತಗಾಗಿಸಿ ನೀರು ಹಿಡಿದಿಡಬೇಕಾಗಿದ್ದ ಅಂಶವೂ ಹೋಯಿತು. ಅಷ್ಟಕ್ಕೂ ಆ ಬೂದಿ ಬೀಳುವುದು ಡಾಂಬರು ರಸ್ತೆಯ ಮೇಲೆ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಕಸವನ್ನು ಬಯಲಿನಲ್ಲಿ ಸುಡುವುದನ್ನು ನಿಷೇಧಿಸಿ, ತೋಟದ ಕಸವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕೆಂದು ವಿಧಿಸಿದವು. ನಿಯಮ ಬಂದು ಹೋಗುತ್ತದೆ. ಬೆಂಕಿಪೊಟ್ಟಣ ಇನ್ನೂ ಜೇಬಿನಲ್ಲಿಯೇ ಇದೆ.

ಕಾಡಿನಲ್ಲಿ ಇದೇ ಬೆಂಕಿ ಇನ್ನೂ ಘೋರ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಶೆಟ್ಟಿಹಳ್ಳಿ, ಭದ್ರಾ ಅರಣ್ಯಗಳ ನೆಲವೆಲ್ಲ ತರಗಿನ ಹಾಸು. ಅರಣ್ಯ ಇಲಾಖೆಯವರು ಬೇಸಿಗೆಗೆ ಮುನ್ನ ಬೆಂಕಿರೇಖೆಗಳನ್ನು ಮಾಡಿ ಕಾವಲು ಕಾಯುತ್ತಾರಾದರೂ ದಾರಿಹೋಕನೊಬ್ಬ ಎಸೆದ ಬೀಡಿಯ ತುಂಡು ಸಾಕು. ದೊಡ್ಡ ಮರಗಳು ಹೇಗೋ ಬದುಕಿಕೊಂಡಾವು; ಮಳೆಗಾಲದಲ್ಲಿ ಹುಟ್ಟಿದ ಸಸಿಗಳು, ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿಗಳು ಉಳಿಯುವುದಿಲ್ಲ.

ಕಾಡಿನ ಮಾತಿಗೆ ಭದ್ರಾವತಿಯನ್ನು ನೆನೆಯದಿರಲಾಗದು. ಅಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕುಲುಮೆಗೆ ಬೇಕಾದ ಇದ್ದಿಲು ಬಂದುದು ಸುತ್ತಣ ಕಾಡುಗಳ ಸೌದೆಯಿಂದ. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಗಾಗಿ 1980ರ ದಶಕದಿಂದ ಈಚೆಗೆ ಜಿಲ್ಲೆಯ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯ ನೆಡುತೋಪುಗಳು ಎದ್ದವು. ಸಾವಿರಾರು ಸಂಸಾರಗಳಿಗೆ ಅನ್ನವಿಟ್ಟ ಕಾರ್ಖಾನೆಗಳವು. ಅವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು, ತೋಪುಗಳು ಉಳಿದವು. ಅಕೇಶಿಯದಲ್ಲಿ ನಾವು ಎಲೆಯೆಂದುಕೊಳ್ಳುವುದು ನಿಜವಾದ ಎಲೆಯೇ ಅಲ್ಲ, ಅಗಲವಾದ ತೊಟ್ಟು. ಆ ಮರಕ್ಕೆ ಶಿಶಿರವಿಲ್ಲ, ತೋಪು ಬಣ್ಣ ತಿರುಗಿ ಬೋಳಾಗುವುದೂ ಇಲ್ಲ. ತೊಗಲಿನಂತಹ ಆ ತರಗು ಬೇಗ ಕೊಳೆಯದೆ ದಪ್ಪನಾಗಿ ಬಿದ್ದಿರುತ್ತದೆ. ಮಿಶ್ರವನದಲ್ಲಿ ಒಂದು ಮಳೆಗಾಲಕ್ಕೆ ಮಣ್ಣಾಗುವ ಎಲೆಗಳನ್ನು ಕಂಡವರಿಗೆ ಅಲ್ಲಿ ನಡೆಯುವುದೇ ಒಂದು ಬೇಸರ.

ಗೃಹಿಣಿಯರು ಕೇಳಬಹುದು: ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಗುಂಡಿಗೆ ಜಾಗವೆಲ್ಲಿ? ಮೂರಡಿ ಉದ್ದ, ಮೂರಡಿ ಅಗಲ ಸಾಕು. ಅಗೆಯುವುದು ಬೇಡವೆಂದರೆ ಕೋಳಿಬಲೆಯನ್ನು ಉರುಟಾಗಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಬಹುದು. ಒಣ ಎಲೆಯಲ್ಲಿ ಸಾರಜನಕ ಕಡಿಮೆಯಾದ್ದರಿಂದ ಅದೊಂದನ್ನೇ ಹಾಕಿದರೆ ವರ್ಷವಾದರೂ ಕೊಳೆಯದು. ಒಂದು ಗೇಣು ಎಲೆ, ಅದರ ಮೇಲೆ ಸೆಗಣಿ ಕದಡಿದ ನೀರು ಅಥವಾ ತರಕಾರಿಯ ಸಿಪ್ಪೆ, ಮೇಲೊಂದು ಹಿಡಿ ಮಣ್ಣು. ತೇಗದ ಎಲೆಯನ್ನು ಮುರಿದು ಹಾಕಬೇಕು. ಕೈಯಲ್ಲಿ ಹಿಂಡಿದರೆ ತೇವ ಹತ್ತಬೇಕು, ನೀರು ಸೋರಬಾರದು. ಇಷ್ಟಲಿಂಗಪೂಜೆಯ ಮರುದಿನ ತೆಗೆದ ಪತ್ರೆ, ಹೂವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೇತುವೆಯ ಮೇಲಿಂದ ತುಂಗೆಗೆ ಎಸೆಯುವವರಿದ್ದಾರೆ. ನದಿಗೆ ಬೇಡವಾದುದು ಗುಂಡಿಗೆ ಬೇಕು. ಯಾರ ಕಾಲಿಗೂ ಸಿಗದೆ ಅದು ಅಲ್ಲಿಯೇ ಮಣ್ಣಾಗುತ್ತದೆ. ಬಿಲ್ವದ ಗಿಡವೂ ಬೇಸಿಗೆಯ ಆರಂಭದಲ್ಲಿ ಹಳೆಯ ಎಲೆ ಕಳಚಿ ತಳಿರೊಡೆಯುತ್ತದೆಯಷ್ಟೆ. ಉದುರಿದ ಆ ಪತ್ರೆಯನ್ನೂ ಗುಡಿಸಿ ಬೀದಿಗೆ ಹಾಕದೆ ಅದರ ಬುಡಕ್ಕೇ ಸರಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ.

ಶಿವರಾತ್ರಿಗೆ ತುಂಬಿದ ಗುಂಡಿ ಮುಂಗಾರಿನ ಹೊತ್ತಿಗೆ ಅರ್ಧಕ್ಕೆ ಕುಸಿದಿರುತ್ತದೆ. ಆಗ ಒಮ್ಮೆ ಸನಿಕೆಯಿಂದ ಮೇಲುಕೆಳಗು ಮಾಡಿ, ಮಳೆಯ ನೀರು ನಿಲ್ಲದಂತೆ ತಗಡು ಮುಚ್ಚಬೇಕು. ಶ್ರಾವಣದಲ್ಲಿ ತೆಗೆದರೆ ಕಪ್ಪಗೆ, ಉದುರುದುರಾಗಿ, ಮೊದಲ ಮಳೆಯ ವಾಸನೆಯುಳ್ಳ ಗೊಬ್ಬರ. ಮಲ್ಲಿಗೆಯ ಪಾತಿಗೂ ಬಿಲ್ವದ ಬುಡಕ್ಕೂ ಒಂದೊಂದು ಬುಟ್ಟಿ.